ಹೆಪ್ಪು

ಜನವರಿ ೧೮

ನನ್ನ ಪಿಟೀಲಿಗೆ,

ತೊಟ್ಟಿಲಲ್ಲಿದ್ದಾಗ ಕುಯ್ಯೋ ಅಂತ ಒಂದೇ ರಾಗ ಎಳೆಯುತ್ತಿದ್ದವಳಿಗೆ ನಾನೇ ಇಟ್ಟ ಹೆಸರು. ಈಗ ದೊಡ್ಡ ವಿಜ್ಞಾನಿಯಾಗಿದ್ದೀಯ ಅಂತ ಬಿಟ್ಟುಬಿಡಲು ಆಗುತ್ತದೆಯೇ? ಫೋನ್ ಮಾಡಿದರೆ "ಹೂಂ, ಸರಿ, ಆಯ್ತು" ಅಷ್ಟೇ ನಿನ್ನ ಬಾಯಿಂದ ಉದುರುವುದು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನೀನೂ ಬರಿ. ಕಾಗದದಲ್ಲಿ ನೀನು ನನ್ನ ಮಗಳು, ಫೋನಿನಲ್ಲಿ ಆಫೀಸಿನವಳು.

ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ. ಡಾಕ್ಟರಮ್ಮ ಹೊಸ ಸ್ಕ್ಯಾನು ತೋರಿಸಿದರು. ಮೇದೋಜೀರಕದ ಗಂಟು ಕುಗ್ಗಿದೆಯಂತೆ. ಆ ಬೂದಿ ಬಣ್ಣದ ಚಿತ್ರದಲ್ಲಿ ನನಗೆ ಗಂಟೂ ಕಾಣಲಿಲ್ಲ, ಮೇದೋಜೀರಕವೂ ಕಾಣಲಿಲ್ಲ. ನಾನು ನಂಬುವುದು ನನ್ನ ಅಳತೆ ಟೇಪನ್ನು. ಕಾಯಿಲೆ ಬಂದ ಮೇಲೆ ನನ್ನ ಲಂಗಗಳ ಸೊಂಟವನ್ನೆಲ್ಲ ಹಿಡಿದು ಹಿಡಿದು ಹೊಲಿದಿದ್ದೆನಲ್ಲ, ನಿನ್ನೆ ಒಂದು ಸಾಲು ಹೊಲಿಗೆ ಬಿಚ್ಚಿದೆ. ತಟ್ಟೆಯಲ್ಲಿ ಹಾಕಿದ್ದು ತಟ್ಟೆಯಲ್ಲಿ ಉಳಿಯುತ್ತಿಲ್ಲ. ನಮ್ಮ ಹೊಲಿಗೆ ಅಂಗಡಿಯಲ್ಲಿ ಕೂತು ಶಾಲೆಯ ಸಮವಸ್ತ್ರಗಳಿಗೆ ಗುಂಡಿಯ ಕಾಜ ಕೂಡ ಹೊಲಿದೆ.

ಮುಖದ ತುಂಬ ಗುಳ್ಳೆ ಎದ್ದಿವೆ. ಈ ಮಾತ್ರೆಯ ಗುಣವೇ ಅದಂತೆ. "ಅಮ್ಮಾ, ನಿಂಗೀಗ ಮೊಡವೆ ವಯಸ್ಸು" ಅಂತ ನಿನ್ನ ತಮ್ಮ ಚಿಕ್ಕೋನು ಹಲ್ಲು ಕಿರಿಯುತ್ತಾನೆ. ನನ್ನ ಮಗಳು ಮಾಡಿದ ಮಾತ್ರೆ ಅಂತ ಆಸ್ಪತ್ರೆಯಲ್ಲಿ ಸ್ವಲ್ಪ ಜಂಬ ಕೊಚ್ಚಿಕೊಂಡೆ. ಡಾಕ್ಟರಮ್ಮ ನಕ್ಕು, "ಔಷಧದ ಪರೀಕ್ಷೆಗೆ ಸೇರಿದೋರೆಲ್ಲ ನಮ್ಗೆ ಒಂದೇ ಕಣಮ್ಮ, ನಿಮ್ಗೇನೂ ಸ್ಪೆಷಲ್ ಇಲ್ಲ" ಅಂದರು.

ಹೆದರಿಕೆ ಹೋಗಿದೆ ಅಂದರೆ ಸುಳ್ಳಾಗುತ್ತದೆ. ಮಾತ್ರೆ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತೇನೆ. ಶಬ್ದ ತೆಳ್ಳಗಾದರೆ ಮುಚ್ಚಳ ತೆಗೆದು ಎಣಿಸುತ್ತೇನೆ. ಇದು ಮುಗಿದ ಮೇಲೆ ಇನ್ನೊಂದು ಡಬ್ಬಿ ಬರುತ್ತದೆ ಅಂತ ಗೊತ್ತಿದ್ದರೂ.

ಮುಂದಿನ ತಿಂಗಳು ರಜೆ ಹಾಕಿ ಬಾ. ಕೆಲಸ ಕೆಲಸ ಅಂತ ಪಿಟೀಲು ಕುಯ್ಯಬೇಡ.

ನಿನ್ನ ಅಮ್ಮ


ಫೆಬ್ರವರಿ ೨

ಅಮ್ಮಾ,

ನಿನ್ನ ಕಾಗದವನ್ನು ಪ್ರಯೋಗಾಲಯದ ಬೆಂಚಿನ ಮುಂದೆ ನಿಂತೇ ಓದಿದೆ. ಸೊಂಟದ ಹೊಲಿಗೆ ಬಿಚ್ಚಿದೆ ಅನ್ನುವ ಸಾಲಿಗೆ ಬಂದಾಗ ಅಳು ತಡೆಯಲಾಗಲಿಲ್ಲ. ಪಕ್ಕದವಳು ಗಾಬರಿಯಾಗಿ, "ಏನಾಯ್ತೇ? ಕಣ್ಣಿಗೆ ಏನಾದ್ರೂ ಸಿಡೀತಾ?" ಎಂದು ಓಡಿ ಬಂದಳು. ನಮ್ಮ ಅಮ್ಮ ಊಟ ಮಾಡ್ತಿದಾಳೆ ಅಂದೆ. ಅವಳೂ ಅತ್ತಳು.

ನೀನು ಯಾವಾಗಲೂ ಕೇಳುತ್ತೀಯಲ್ಲ, ಆ ಮಾತ್ರೆ ಒಳಗೆ ಹೋಗಿ ಮಾಡುವುದಾದರೂ ಏನು ಅಂತ. ಗಂಟಿನ ಜೀವಕೋಶಗಳಲ್ಲಿ ಬೆಳೆ ಬೆಳೆ ಎನ್ನುವ ಒಂದು ಸ್ವಿಚ್ಚು ಇರುತ್ತದೆ. ಅದು ಕೆಟ್ಟು, ಆನ್ ಆದದ್ದು ಆಫ್ ಆಗುವುದೇ ಇಲ್ಲ. ಆ ಸ್ವಿಚ್ಚಿನ ಮೈಯಲ್ಲಿ ಒಂದು ಪುಟ್ಟ ಸಂದಿ ಇದೆ. ಬಹಳ ವರ್ಷ ಎಲ್ಲರೂ ಅಲ್ಲಿ ಸಂದಿಯೇ ಇಲ್ಲ ಎಂದುಕೊಂಡಿದ್ದರು. ನಮ್ಮ ಅಣು ತೀರಾ ಸಣ್ಣದು, ಹೋಗಿ ಅಲ್ಲಿ ಕೂತು ಸ್ವಿಚ್ಚನ್ನು ಆಫ್ ಕಡೆಗೇ ಒತ್ತಿ ಹಿಡಿಯುತ್ತದೆ. ನಾವು ಅದನ್ನು ನಲವತ್ತೊಂದು ಅಂತಲೇ ಕರೆಯುವುದು. ನಲವತ್ತು ಅಣುಗಳು ಸೋತ ಮೇಲೆ ಬಂದದ್ದು.

ಇಪ್ಪತ್ತನೇ ತಾರೀಕಿಗೆ ರೈಲಿನ ಟಿಕೆಟ್ ಮಾಡಿಸಿದ್ದೇನೆ. ಚಿಕ್ಕೋನಿಗೆ ಹೇಳು, ಸ್ಟೇಷನ್ನಿಗೆ ಬರಲಿ.

ಇಲ್ಲಿ ಒಂದು ಸಣ್ಣ ತಲೆನೋವು ಶುರುವಾಗಿದೆ. ಹೋದ ವಾರ ಮಾಡಿದ ಔಷಧದ ಹರಳು ನೋಡಲು ಬೇರೆ ಥರ ಇದೆ. ನಮ್ಮ ಮುಖ್ಯಸ್ಥರು ಸೂಕ್ಷ್ಮದರ್ಶಕದ ಮುಂದೆ ಕೂತವರು ಏಳಲೇ ಇಲ್ಲ. ಏನೋ ಕೊಳೆ ಸೇರಿರಬೇಕು. ನೀನು ತಲೆ ಕೆಡಿಸಿಕೊಳ್ಳಬೇಡ.

ನಿನ್ನ ಪಿಟೀಲು


ಫೆಬ್ರವರಿ ೧೭

ಅಮ್ಮಾ,

ನಾನು ಬರುವುದಿಲ್ಲ. ಸಿಟ್ಟು ಮಾಡಿಕೊಳ್ಳದೆ ಕೊನೆಯವರೆಗೆ ಓದು.

ಔಷಧ ಮಾಡುವಾಗ ಕೊನೆಗೆ ಅದನ್ನು ಹರಳುಗಟ್ಟಿಸುತ್ತೇವೆ. ಇಷ್ಟು ದಿನ ನಲವತ್ತೊಂದು ತೆಳ್ಳಗೆ ಎಲೆ ಎಲೆಯಾಗಿ ಬರುತ್ತಿತ್ತು, ಹೊಟ್ಟೆಗೆ ಹೋದ ಕೂಡಲೇ ಕರಗುತ್ತಿತ್ತು. ಈಗ ಸೂಜಿ ಸೂಜಿಯಾಗಿ ಬರುತ್ತಿದೆ. ಕೊಳೆ ಅಲ್ಲ. ಅಣು ಅದೇ, ಅವು ಒಂದರ ಮೇಲೊಂದು ಕೂರುವ ರೀತಿ ಬದಲಾಗಿದೆ. ಈ ಸೂಜಿ ಕರಗುವುದಿಲ್ಲ ಅಮ್ಮಾ. ಇದರ ಮಾತ್ರೆ ನುಂಗುವುದೂ ಒಂದೇ, ಕಲ್ಲು ನುಂಗುವುದೂ ಒಂದೇ.

ಇನ್ನೂ ಕೆಟ್ಟ ಸಂಗತಿ ಬೇರೆ ಇದೆ. ಹಾಲಿಗೆ ಹೆಪ್ಪು ಹಾಕುತ್ತೀಯಲ್ಲ, ಒಂದು ಹನಿ ಬಿದ್ದರೆ ಪಾತ್ರೆ ಹಾಲೆಲ್ಲ ಮೊಸರು. ಇದೂ ಹಾಗೆಯೇ. ಕಣ್ಣಿಗೆ ಕಾಣದ ಒಂದು ಚೂರು ಸೂಜಿ ಬಿದ್ದರೆ ಸಾಕು, ಪಾತ್ರೆಯಲ್ಲಿದ್ದದ್ದೆಲ್ಲ ಸೂಜಿಯಾಗುತ್ತದೆ. ಪಾತ್ರೆ ಬದಲಿಸಿದೆವು. ಗೋಡೆ, ನೆಲ, ಸೂರು ಎಲ್ಲ ತೊಳೆದೆವು. ಪಕ್ಕದ ಕಟ್ಟಡಕ್ಕೆ ಹೋಗಿ ಹೊಸದಾಗಿ ಮಾಡಿದೆವು, ಅಲ್ಲೂ ಸೂಜಿಯೇ ಬಂತು. ಅದು ನಮ್ಮ ಕೂದಲಲ್ಲಿದೆ, ಉಗುರಿನ ಸಂದಿಯಲ್ಲಿದೆ, ನಾವು ಹೋದಲ್ಲೆಲ್ಲ ನಮ್ಮ ಬೆನ್ನಿಗೇ ಬರುತ್ತಿದೆ. ಕೈ ತೊಳೆದು ತೊಳೆದು ಚರ್ಮ ಸುಲಿದಿದೆ. ಆದರೂ ಬಾಗಿಲ ಚಿಲಕ ಮುಟ್ಟಲು ಭಯ.

ಹಳೆಯ ಹರಳು ಇನ್ನೂ ಬರುತ್ತಿರುವುದು ಒಂದೇ ಕಡೆ, ಊರಿನಲ್ಲಿರುವ ನಮ್ಮ ಕಂಪನಿಯ ಕಾರ್ಖಾನೆಯಲ್ಲಿ, ಚಿಕ್ಕೋನು ಕೆಲಸ ಮಾಡುವ ಅದೇ ಕೋಣೆಯಲ್ಲಿ. ನಮ್ಮಲ್ಲಿ ಯಾರೂ ಆ ಕಾರ್ಖಾನೆಯ ಗೇಟಿನ ಹತ್ತಿರವೂ ಸುಳಿಯಬಾರದು ಎಂದು ಆದೇಶವಾಗಿದೆ. ಮನೆಗೆ ಹೋಗಬಾರದು ಎಂದು ಯಾರೂ ಹೇಳಿಲ್ಲ. ಆದರೆ ನಾನು ಬಂದು ನಿನ್ನನ್ನು ಅಪ್ಪಿಕೊಂಡು, ನೀನು ಚಿಕ್ಕೋನಿಗೆ ಬಡಿಸಿ, ಅವನು ಮಾರನೆಯ ದಿನ ಪಾಳಿಗೆ ಹೋದರೆ?

ಕರಗದ ಹರಳನ್ನು ಎಣ್ಣೆಯಲ್ಲಿ ಕರಗಿಸಿ ಕ್ಯಾಪ್ಸೂಲಿಗೆ ತುಂಬುವ ದಾರಿ ಹುಡುಕುತ್ತಿದ್ದೇವೆ. ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಆ ಒಂದು ಕೋಣೆ ಉಳಿಯಬೇಕು. ಅದು ಕೆಟ್ಟರೆ ನಿನ್ನ ಮಾತ್ರೆ ನಿಂತುಹೋಗುತ್ತದೆ. ಮಾತ್ರೆ ನಿಂತರೆ ಗಂಟು ಮತ್ತೆ ಬೆಳೆಯುತ್ತದೆ. ಮೆತ್ತಗೆ ಹೇಳಲು ನನಗೆ ಬರುತ್ತಿಲ್ಲ ಅಮ್ಮಾ, ಕ್ಷಮಿಸು.

ನಿನ್ನ ಮಗಳು


ಫೆಬ್ರವರಿ ೨೬

ಪಿಟೀಲೇ,

ನಿನ್ನ ಕಾಗದ ಓದಿ ಎರಡು ದಿನ ನಿನ್ನ ಮೇಲೆ ಉರಿದುಬಿದ್ದೆ. ಹೆತ್ತ ಮಗಳು ಮನೆಗೆ ಬಂದರೆ ಅಮ್ಮನ ಜೀವಕ್ಕೆ ಅಪಾಯವಂತೆ! ಇಂಥ ಮಾತು ಯಾವ ಜನ್ಮದಲ್ಲೂ ಕೇಳಿರಲಿಲ್ಲ. ಪಕ್ಕದ ಇಸ್ತ್ರಿ ಅಂಗಡಿಯವಳು "ಮಗಳು ಯಾವಾಗ್ ಬರ್ತಾಳೆ?" ಅಂತ ಕೇಳಿದಳು. ಏನಂತ ಹೇಳಲಿ? ಕೂದಲಲ್ಲಿ ಸೂಜಿ ಇದೆ, ಅದಕ್ಕೇ ಬರಲ್ಲ ಅನ್ನಲೇ? ನನಗೇ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾಳೆ.

ಆಮೇಲೆ ಚಿಕ್ಕೋನು ಕೂರಿಸಿಕೊಂಡು ವಿವರಿಸಿದ. ಅವನು ಹೇಳಿದರೆ ಅರ್ಥವಾಗುತ್ತದೆ, ನೀನು ಹೇಳಿದರೆ ಹೆದರಿಕೆಯಾಗುತ್ತದೆ. ಅವನೂ ಈಗ ಬೇರೆಯವನೇ ಆಗಿಬಿಟ್ಟಿದ್ದಾನೆ. ಕೆಲಸಕ್ಕೆ ಹೋಗುವಾಗ ಬಾಗಿಲಲ್ಲೇ ಮನೆ ಬಟ್ಟೆ ಕಳಚಿ ಒಗೆದ ಬಟ್ಟೆ ಹಾಕಿಕೊಳ್ಳುತ್ತಾನೆ, ಚಪ್ಪಲಿಯ ಅಡಿ ಒರೆಸುತ್ತಾನೆ. ಕಾರ್ಖಾನೆಯಲ್ಲಿ ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಾರಂತೆ.

ಅವನನ್ನು ಸ್ನೇಹಿತನ ಮನೆಗೆ ಕಳಿಸಿ ನಿನ್ನನ್ನು ಕರೆಸಿಕೊಳ್ಳೋಣ ಅಂದೆ. "ನೀನು ಬಿದ್ದೆ ಅಂದ್ರೆ ಎತ್ತೋರ್ಯಾರು? ಅಕ್ಕ ಹೋದ್ಮೇಲೆ ನಾನು ಈ ಮನೆಗೆ ಕಾಲಿಡೋದ್ ಹೇಗೆ?" ಅಂದ. ಹೌದಲ್ಲ ಅನ್ನಿಸಿತು.

ನೀನು ಬರದಿದ್ದರೂ ನಿನ್ನ ಕಾಗದ ಬರುತ್ತದಲ್ಲ, ಅಷ್ಟು ಸಾಕು. ದಿಂಬಿನ ಕೆಳಗೇ ಇಟ್ಟುಕೊಂಡಿದ್ದೇನೆ. ನಾನು ಓದಿ ಮುಗಿಸಿದ ಮೇಲೆ ಚಿಕ್ಕೋನು ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗುತ್ತಾನೆ. ಊಟದ ಹೊತ್ತಿನಲ್ಲಿ ತೆಗೆದು ಓದುತ್ತಾನಂತೆ. ಅವನ ಜೊತೆಯವರಿಗೂ ಅಕ್ಕನ ಅಕ್ಷರ ತೋರಿಸಿದನಂತೆ, ಎಷ್ಟು ದುಂಡಗೆ ಬರೀತಾಳೆ ನೋಡ್ರೋ ಅಂತ. ಹೊರಗೆ ಹುಲಿ ಹಾಗೆ ಇದ್ದರೂ ನಿನ್ನನ್ನು ಕಂಡರೆ ಅವನಿಗೆ ಪ್ರಾಣ.

ಕೈಗೆ ಎಣ್ಣೆ ಹಚ್ಚಿಕೋ. ಚರ್ಮ ಸುಲಿಯುವ ಹಾಗೆ ತೊಳೆಯಬೇಡ.

ನಿನ್ನ ಅಮ್ಮ


ಮಾರ್ಚ್ ೩

ಅಮ್ಮಾ,

ಚಿಕ್ಕೋನು ಜೇಬಿನಲ್ಲಿಟ್ಟುಕೊಂಡು ಹೋದ ಎಂಬ ಸಾಲು ಓದಿದೊಡನೆ ಕಾಗದ ಕೆಳಗಿಟ್ಟೆ. ಕೂಡಲೇ ಅವನಿಗೆ ಫೋನ್ ಮಾಡಿದೆ. ಮೊದಲು ನಕ್ಕ, ಆಮೇಲೆ ಯಾವ ಯಾವ ದಿನ ಒಯ್ದಿದ್ದೆ ಅಂತ ನೆನಪಿಸಿಕೊಳ್ಳತೊಡಗಿದ.

ಆ ಕಾಗದಗಳನ್ನು ನಾನು ಬರೆದದ್ದು ಪ್ರಯೋಗಾಲಯದ ನನ್ನ ಮೇಜಿನ ಮೇಲೆ. ಇದೇ ಕೈಯಿಂದ. ಎರಡು ವಾರ ಗೋಡೆ ತೊಳೆದೆ, ಕೂದಲು ತೊಳೆದೆ, ನಿನ್ನ ಹತ್ತಿರ ಬರುವುದನ್ನೂ ಬಿಟ್ಟೆ. ಆ ಸೂಜಿಯನ್ನೇ ಲಕೋಟೆಗೆ ಹಾಕಿ ಅಂಟಿಸಿ ನಾನೇ ಅಂಚೆಗೆ ಹಾಕುತ್ತಿದ್ದೇನೆ ಅಂತ ಒಮ್ಮೆಯೂ ಹೊಳೆಯಲಿಲ್ಲ. ಇಷ್ಟು ಓದಿ ಏನು ಬಂತು?

ಕೋಣೆ ಇನ್ನೂ ಚೆನ್ನಾಗಿದೆಯಂತೆ. ನಿನ್ನೆಯ ಹರಳೂ ಎಲೆಯಾಗಿಯೇ ಬಂದಿದೆಯಂತೆ. ಅವನು ಕೆಲಸದ ಕೋಣೆಯೊಳಗೆ ಬೇರೆ ಬಟ್ಟೆ ಹಾಕಿಕೊಳ್ಳುತ್ತಾನೆ, ಜೇಬಿನದು ಹೊರಗಿನ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಆದರೂ ಊಟದ ಮನೆಯ ಮೇಜು, ಅವನ ಬೆರಳು, ಅವನ ಸ್ನೇಹಿತರ ಬೆರಳು ಎಂದೆಲ್ಲ ಪಟ್ಟಿ ಮಾಡುತ್ತಲೇ ಇದ್ದೇನೆ.

ಈ ಕಾಗದವನ್ನು ಅಂಚೆ ಕಚೇರಿಯಲ್ಲಿ ಬರೆಯುತ್ತಿದ್ದೇನೆ. ಅಂಗಡಿಯಿಂದ ನೇರ ತಂದ ಹೊಸ ಬಟ್ಟೆ, ಇಲ್ಲೇ ಕೊಂಡ ಕಾಗದ, ಕೌಂಟರಿನವರ ಪೆನ್ನು. ಚಿಕ್ಕೋನು ಮುಟ್ಟದಿರಲಿ. ನೀನು ಓದಿ, ಇದನ್ನೂ ಹಳೆಯ ಎಲ್ಲ ಕಾಗದಗಳನ್ನೂ ಸುಟ್ಟು, ದಿಂಬಿನ ಬಟ್ಟೆ ಎಸೆದು, ಕೈ ತೊಳೆದುಕೋ.

ಎಣ್ಣೆಯ ಕ್ಯಾಪ್ಸೂಲು ಸಿದ್ಧವಾಗುವವರೆಗೆ ಇನ್ನು ನನ್ನಿಂದ ಕಾಗದ ಬರುವುದಿಲ್ಲ. ನೀನು ಬರೆಯುತ್ತಿರು. ನಿನ್ನ ಕಡೆಯಿಂದ ಇಲ್ಲಿಗೆ ಬರುವುದರಿಂದ ತೊಂದರೆಯಿಲ್ಲ.

ನಿನ್ನ ಪಿಟೀಲು


ಏಪ್ರಿಲ್ ೯

ಮಗಳೇ,

ಎಲ್ಲ ಸುಟ್ಟೆ. ಹಿತ್ತಲಲ್ಲಿ ಹಳೆಯ ಡಬ್ಬದೊಳಗೆ ಹಾಕಿ ಕಡ್ಡಿ ಗೀರಿದೆ. ಗೀರುವ ಮುಂಚೆ ಒಂದೊಂದನ್ನೂ ಇನ್ನೊಮ್ಮೆ ಓದಿದೆ. ಅದಕ್ಕೂ ಬೈಯಬೇಡ, ಆಮೇಲೆ ತಲೆಗೆ ಸ್ನಾನ ಮಾಡಿದೆ.

ಒಬ್ಬಳೇ ಬರೆಯುವುದು ಗೋಡೆಗೆ ಮಾತಾಡಿದ ಹಾಗಿದೆ. ಫೋನಿನಲ್ಲಿ ನೀನು ಈಗ "ಮಾತ್ರೆ ತಗೊಂಡ್ಯಾ? ಚಿಕ್ಕೋನು ಬಟ್ಟೆ ಬದಲಾಯಿಸಿದ್ನಾ?" ಅನ್ನುವುದು ಬಿಟ್ಟು ಬೇರೆ ಏನೂ ಕೇಳುವುದಿಲ್ಲ. ನಿನ್ನ ದನಿ ಕೇಳಿದರೆ ಯಾರೋ ಹಿಂದಿನಿಂದ ನಿನ್ನ ಕುತ್ತಿಗೆ ಹಿಡಿದುಕೊಂಡಿದ್ದಾರೆ ಅನ್ನಿಸುತ್ತದೆ. ಊಟ ಮಾಡುತ್ತೀಯಾ ಇಲ್ಲವಾ?

ನಾನು ಚೆನ್ನಾಗಿದ್ದೇನೆ. ಹೋದ ವಾರ ಮೂರನೇ ಸಾಲು ಹೊಲಿಗೆ ಬಿಚ್ಚಿದೆ. ಹಾಗೆ ಚೆನ್ನಾಗಿರುವುದೇ ಈಗ ಹೆಚ್ಚು ಭಯ ಕಣೇ. ಮೊದಲು ಡಾಕ್ಟರಮ್ಮ ಕಾಯಿಲೆಯ ಹೆಸರು ಹೇಳಿದಾಗ, ಸರಿ, ಹೋಗುವವಳು ನಾನು ಅಂತ ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ. ಅಂಗಡಿಯ ಬೀಗದ ಕೈ ಕೂಡ ಚಿಕ್ಕೋನಿಗೆ ಕೊಟ್ಟಿದ್ದೆ. ನಿನ್ನ ಮಾತ್ರೆ ಬಂದು ಆ ಗಟ್ಟಿತನವನ್ನೆಲ್ಲ ಹಾಳು ಮಾಡಿತು. ಈಗ ಮುಂದಿನ ವರ್ಷದ ಸಮವಸ್ತ್ರಕ್ಕೆ ಬಟ್ಟೆ ಯಾವುದು ತರಿಸಲಿ ಅಂತ ಯೋಚಿಸುತ್ತೇನೆ. ಬದುಕುವ ಆಸೆ ಬಂದುಬಿಟ್ಟಿದೆ. ಸಾಯಲು ಹೆದರಿಕೆ ಆಗುತ್ತದೆ. ಈ ಮಾತನ್ನು ಚಿಕ್ಕೋನ ಹತ್ತಿರ ಹೇಳಿಲ್ಲ, ನಿನ್ನ ಹತ್ತಿರ ಮಾತ್ರ ಹೇಳುತ್ತಿದ್ದೇನೆ.

ಅವನು ಕೆಲಸದಿಂದ ಬರುವ ಹೊತ್ತಿಗೆ ಕಿಟಕಿಯಲ್ಲಿ ನಿಂತಿರುತ್ತೇನೆ. ಅವನ ನಡಿಗೆ ನೋಡಿದರೆ ಗೊತ್ತಾಗುತ್ತದೆ, ಇವತ್ತೂ ಕೋಣೆ ಚೆನ್ನಾಗಿದೆ ಅಂತ. ಆಮೇಲೆ ಒಲೆ ಹಚ್ಚುತ್ತೇನೆ.

ನಿನ್ನ ಅಮ್ಮ


ಮೇ ೧೧

ಅಕ್ಕಾ,

ಇದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಕೋಣೆ ಹೋಯಿತು.

ನಾನೇ ನೋಡಿದೆ. ದೊಡ್ಡ ಪಾತ್ರೆ ತಣ್ಣಗಾಗುವಾಗ ಗಾಜಿನ ಕಿಂಡಿಯಲ್ಲಿ ಇಣುಕುವುದು ನನ್ನ ಕೆಲಸ ತಾನೆ. ಯಾವಾಗಲೂ ಒಳಗೆ ಮಿಣುಕು ಮಿಣುಕಾಗಿ ಎಲೆ ಏಳುತ್ತಿತ್ತು, ನೋಡಲು ಚಂದ. ಈ ಸಲ ಒಮ್ಮೆಗೇ ಬೆಳ್ಳಗೆ ಬಿಳಿಚಿಕೊಂಡಿತು. ಕಲಕುವ ಮೋಟಾರು ಮುಲುಗತೊಡಗಿತು. ಮೇಲ್ವಿಚಾರಕರು ಬಂದು ನೋಡಿ, "ಹೋಯ್ತಲ್ಲೋ" ಅಂದು ಅಲ್ಲೇ ಮೆಟ್ಟಿಲ ಮೇಲೆ ತಲೆ ಮೇಲೆ ಕೈ ಹೊತ್ತು ಕೂತರು. ತೊಳೆದು ಮತ್ತೆ ಮಾಡಿದೆವು. ಮತ್ತೆ ಸೂಜಿಯೇ.

ಕಾಗದ ಜೇಬಿನಲ್ಲಿಟ್ಟುಕೊಂಡಿದ್ದ ವಿಷಯ ಅವರಿಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. "ನಿನ್ನ ಕಾಗದವೋ, ಪಂಪು ರಿಪೇರಿಗೆ ಬಂದೋನ ಚೀಲವೋ, ನಿಮ್ಮಕ್ಕನ ಲ್ಯಾಬಿಂದ ಮುಂಚೆ ಬಂದಿದ್ದ ಪೀಪಾಯಿಯೋ, ತಾನಾಗೇ ಬಂತೋ, ಯಾರಪ್ಪಾ ಹೇಳ್ತಾರೆ? ಬಿಡು" ಅಂದರು. ಅವರು ಬಿಡು ಅಂದರೂ ನನ್ನ ಕೈಯಿಂದ ಬಿಡಲು ಆಗುತ್ತಿಲ್ಲ ಅಕ್ಕಾ. ನನ್ನ ಕೈಯನ್ನು ನೋಡಿಕೊಳ್ಳುತ್ತಾ ಕೂತಿರುತ್ತೇನೆ.

ಇದೊಂದು ಸುತ್ತು ಸರಿ ಬಂದಿದ್ದರೆ ಎಲ್ಲ ರೋಗಿಗಳಿಗೂ ವರ್ಷದ ಕೊನೆಯವರೆಗೆ ಸಾಕಾಗುತ್ತಿತ್ತು. ಈಗ ಅಮ್ಮನ ಹತ್ತಿರ ಇರುವುದೇ ಕೊನೆಯ ಡಬ್ಬಿ. ಅವಳಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳಲಿ? ನೀನೇ ಏನಾದರೂ ಮಾಡು.

ಚಿಕ್ಕೋನು


ಮೇ ೨೦

ಅಮ್ಮಾ,

ಇಷ್ಟು ದಿನ ಆದ ಮೇಲೆ ನನ್ನ ಕಾಗದ ನೋಡಿ ಖುಷಿಯಾಯಿತೇ? ಒಳ್ಳೆಯ ಸುದ್ದಿ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಎಣ್ಣೆಯ ಕ್ಯಾಪ್ಸೂಲು ಸಿದ್ಧವಾಯಿತು ಅಂತಲೇ ಅಂದುಕೋ. ಇನ್ನೊಂದೆರಡು ಸಣ್ಣ ಪರೀಕ್ಷೆ ಮಾತ್ರ ಬಾಕಿ. ಇನ್ನು ಮೇಲೆ ಯಾರು ಯಾರಿಗೆ ಬೇಕಾದರೂ ಕಾಗದ ಬರೆಯಬಹುದು, ಭಯವಿಲ್ಲ.

ಮಾತ್ರೆಗೂ ಕ್ಯಾಪ್ಸೂಲಿಗೂ ನಡುವೆ ಕೆಲವು ದಿನ ಬಿಡುವು ಆಗಬಹುದು. ಆಸ್ಪತ್ರೆಯಲ್ಲಿ ಡಬ್ಬಿ ಬಂದಿಲ್ಲ ಅಂದರೆ ಗಾಬರಿಯಾಗಬೇಡ. ಅದೆಲ್ಲ ಮಾಮೂಲು. ಹೊಟ್ಟೆಗೂ ಸ್ವಲ್ಪ ವಿಶ್ರಾಂತಿ ಬೇಕಲ್ಲ.

ಇಲ್ಲಿ ಎಲ್ಲರೂ ಉತ್ಸಾಹದಿಂದ ಕೆಲಸ ಮಾಡುತ್ತಿದ್ದಾರೆ. ನನ್ನ ಕೈಯ ಚರ್ಮವೂ ವಾಸಿಯಾಗಿದೆ. ನಾನು ಹೊಟ್ಟೆ ತುಂಬ ಊಟ ಮಾಡುತ್ತಿದ್ದೇನೆ. ಚಿಕ್ಕೋನಿಗೆ ಬೇಸರ ಮಾಡಿಕೊಳ್ಳಬೇಡ ಅಂತ ಹೇಳು. ಕೆಲಸ ಒಂದು ಹದಕ್ಕೆ ಬಂದ ಮೇಲೆ ಬರುತ್ತೇನೆ.

ನಿನ್ನ ಪಿಟೀಲು


ಮೇ ೨೭

ಮಗಳೇ,

ಕ್ಯಾಪ್ಸೂಲು ಆಗಿದ್ದರೆ ನೀನು ಕಾಗದ ಬರೆಯುತ್ತಿದ್ದೆಯೇನೇ? ಅದನ್ನು ಕೈಯಲ್ಲಿ ಹಿಡಿದುಕೊಂಡು, ರೈಲು ಸಿಗದಿದ್ದರೆ ಲಾರಿ ಹತ್ತಿಯಾದರೂ ಬಂದು ಬಾಗಿಲು ಬಡಿಯುತ್ತಿದ್ದೆ. ಅಂಚೆಯವನು ಲಕೋಟೆ ಕೊಟ್ಟು, ಮೇಲೆ ನಿನ್ನ ಅಕ್ಷರ ಕಂಡಾಗಲೇ ನನಗೆ ಗೊತ್ತಾಯಿತು. ಒಡೆಯದೆ ಮಡಿಲಲ್ಲಿಟ್ಟುಕೊಂಡು ತುಂಬಾ ಹೊತ್ತು ಕೂತಿದ್ದೆ.

ನಿಜ ಹೇಳಬೇಕೆಂದರೆ ಅದಕ್ಕೂ ಮುಂಚೆಯೇ ಅನುಮಾನ ಬಂದಿತ್ತು. ಚಿಕ್ಕೋನು ಈಗ ಬಾಗಿಲಲ್ಲಿ ಬಟ್ಟೆ ಬದಲಿಸುವುದಿಲ್ಲ. ಮನೆಯಲ್ಲಿ ಹಾಕಿದ್ದನ್ನೇ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾನೆ, ಅದರಲ್ಲೇ ಬಂದು ಮಂಚದ ಮೇಲೆ ಬೀಳುತ್ತಾನೆ. ಬೈದರೂ ಏಳುವುದಿಲ್ಲ. ನಿನ್ನೆ ಅವನನ್ನು ಎದುರಿಗೆ ಕೂರಿಸಿಕೊಂಡು, "ಕೋಣೆ ಹೋಯ್ತಾ?" ಅಂದೆ. ಅಷ್ಟು ದೊಡ್ಡ ಗಂಡಸು ಚಿಕ್ಕ ಮಗುವಿನ ಹಾಗೆ ಅತ್ತ. ಸೂಜಿ ತಂದದ್ದು ತಾನೇ ಅಂತ ಅವನು ಅನ್ನುತ್ತಾನೆ, ನೀನು ನೀನೇ ಅಂದುಕೊಂಡಿರುತ್ತೀಯ. ಯಾರು ತಂದರೋ ದೇವರಿಗೇ ಗೊತ್ತು. ನೀನೇ ತಂದಿದ್ದರೂ ತಂದಿರಬಹುದು. ಕಾಗದ ಬರಿ ಬರಿ ಅಂತ ಹಠ ಹಿಡಿದವಳು ನಾನು. ಬಂದದ್ದನ್ನು ದಿಂಬಿನ ಕೆಳಗೆ ಇಟ್ಟುಕೊಂಡವಳೂ ನಾನೇ. ಅದು ಇಲ್ಲದೆ ಆ ದಿನಗಳನ್ನು ಕಳೆಯಲು ನನ್ನಿಂದ ಆಗುತ್ತಿರಲಿಲ್ಲ.

ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ನನ್ನ ಹಾಗೆ ಮಾತ್ರೆ ನಿಂತವರು ಸಾಲಾಗಿ ಬೆಂಚಿನ ಮೇಲೆ ಕೂತಿದ್ದರು. ಡಾಕ್ಟರಮ್ಮ ನನ್ನಿಂದ ಏನೂ ಮುಚ್ಚಿಡಲಿಲ್ಲ. ಬೇರೆ ಔಷಧ ಕೊಡುತ್ತಾರಂತೆ, ಹಳೆಯ ಥರದ್ದು. ಅದರಿಂದ ಎಷ್ಟು ಆಗುತ್ತದೋ ಅಷ್ಟು. ನಿಮ್ಮ ಕ್ಯಾಪ್ಸೂಲು ಬರುವ ಹೊತ್ತಿಗೆ ನಾನು ಇರುತ್ತೇನಾ ಅಂತ ಕೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು.

ನೀನು ಕ್ಯಾಪ್ಸೂಲು ಮಾಡುವುದನ್ನು ಬಿಡಬೇಡ. ಆ ಬೆಂಚಿನಲ್ಲಿ ನನಗಿಂತ ಚಿಕ್ಕವರೂ ಇದ್ದರು. ಆದರೆ ಒಂದಷ್ಟು ದಿನ ಅದನ್ನು ಬೇರೆಯವರ ಕೈಗೆ ಕೊಡು. ನನ್ನ ಮುಖ ನೋಡಲು ಭಯಪಟ್ಟು ಕೆಲಸದ ನೆವ ಹೇಳುತ್ತಿದ್ದೀಯ, ನನಗೆ ಗೊತ್ತಾಗುವುದಿಲ್ಲವೇ?

ಈಗ ಈ ಮನೆಯಲ್ಲಿ ಕಾಪಾಡಬೇಕಾದದ್ದು ಏನೂ ಇಲ್ಲ. ಹೊಸ ಬಟ್ಟೆ ಕೊಳ್ಳಬೇಡ, ಕೂದಲು ಉಜ್ಜಬೇಡ, ಕೆಲಸದ ಮೈಯಲ್ಲೇ ಎದ್ದು ಬಾ. ಬಂದು ನನ್ನ ಪಕ್ಕದಲ್ಲಿ ಮಲಗು. ನನಗೆ ತುಂಬಾ ಹೆದರಿಕೆಯಾಗುತ್ತಿದೆ ಕಣೇ.

ನಿನ್ನ ಅಮ್ಮ